ಇದು ಔಷಧಿಯಲ್ಲ, ವಿಷ



ನಾವು ಅಕ್ಷರ ಕಲಿತೆವು. ಬಸ್ಸಿನ ಬೋರ್ಡು ಓದುತ್ತೇವೆ. ರೇಷನ್ ಕಾರ್ಡಿನಲ್ಲಿ ನಮ್ಮ ಹೆಸರು ಓದುತ್ತೇವೆ. ಕೂಲಿ ಲೆಕ್ಕ ಬರೆದುಕೊಳ್ಳುತ್ತೇವೆ.

ಈ ಪಾಠದಲ್ಲಿ ಇನ್ನೊಂದು ವಸ್ತುವನ್ನು ಓದೋಣ. ಅದು ಕೊಟ್ಟಿಗೆಯ ಮೂಲೆಯಲ್ಲಿ ಇರುತ್ತದೆ. ಅಟ್ಟದ ಮೇಲೆ ಇರುತ್ತದೆ. ಕೆಲವರ ಮನೆಯಲ್ಲಿ ಮಂಚದ ಕೆಳಗೂ ಇರುತ್ತದೆ. ಅದು ಹುಲ್ಲಿಗೆ ಹೊಡೆಯುವ ಔಷಧಿಯ ಡಬ್ಬಿ.

ಇದನ್ನು ಓದಲು ಬಂದರೆ ಜೀವ ಉಳಿಯುತ್ತದೆ. ಅದಕ್ಕೇ ಈ ಪಾಠ.

ಹೆಸರಿನಲ್ಲೇ ಮೋಸ

ಹೊಲದಲ್ಲಿ ಬೆಳೆಯ ಜೊತೆ ಬೇಡದ ಹುಲ್ಲು ಬೆಳೆಯುತ್ತದೆ. ಅದೇ ಕಳೆ. ಕಳೆಯನ್ನು ಕೊಲ್ಲುವ ರಾಸಾಯನಿಕಕ್ಕೆ ಪುಸ್ತಕದಲ್ಲಿ ಕಳೆನಾಶಕ ಎನ್ನುತ್ತಾರೆ. ನಾವು ಹಾಗೆ ಹೇಳುವುದಿಲ್ಲ. "ಹುಲ್ಲಿನ ಔಷಧಿ" ಅನ್ನುತ್ತೇವೆ. ಕೆಲವು ಕಡೆ "ಎಣ್ಣೆ ಹೊಡೀಬೇಕು" ಅನ್ನುತ್ತಾರೆ.

ಔಷಧಿ ಎಂದರೆ ಏನು? ಕಾಯಿಲೆ ವಾಸಿ ಮಾಡುವುದು. ಎಣ್ಣೆ ಎಂದರೆ ಏನು? ಅಡುಗೆಗೆ ಹಾಕುವುದು, ತಲೆಗೆ ಹಚ್ಚುವುದು. ಎರಡೂ ಒಳ್ಳೆಯ ಮಾತು. ಆದರೆ ಆ ಡಬ್ಬಿಯೊಳಗೆ ಇರುವುದು ಔಷಧಿಯೂ ಅಲ್ಲ, ಎಣ್ಣೆಯೂ ಅಲ್ಲ. ಅದು ವಿಷ.

ಒಳ್ಳೆಯ ಹೆಸರು ಇಟ್ಟರೆ ಭಯ ಹೋಗುತ್ತದೆ. ಭಯ ಹೋದರೆ ಎಚ್ಚರವೂ ಹೋಗುತ್ತದೆ. ಇನ್ನು ಮೇಲೆ ಮನೆಯಲ್ಲಿ "ಹುಲ್ಲಿನ ವಿಷ" ಎಂದೇ ಕರೆಯೋಣ. ಮಕ್ಕಳ ಕಿವಿಗೂ ಅದೇ ಮಾತು ಬೀಳಲಿ.

ಡಬ್ಬಿಯನ್ನು ಓದೋಣ

ಡಬ್ಬಿಯ ಮೇಲೆ ಚೀಟಿ ಅಂಟಿಸಿರುತ್ತಾರೆ. ಅದರಲ್ಲಿ ಒಂದು ಗುರುತು ಇರುತ್ತದೆ. ಗಾಳಿಪಟದ ಹಾಗೆ ಮೂಲೆಯ ಮೇಲೆ ನಿಂತ ಚೌಕ. ಚೌಕದ ಕೆಳಗಿನ ಅರ್ಧಕ್ಕೆ ಬಣ್ಣ ಬಳಿದಿರುತ್ತಾರೆ. ಆ ಬಣ್ಣ ನಮಗೆ ಮಾತು ಹೇಳುತ್ತದೆ.

ಕೆಂಪು: ಎಲ್ಲಕ್ಕಿಂತ ಘೋರ ವಿಷ. ಇದರ ಮೇಲೆ ತಲೆಬುರುಡೆಯ ಚಿತ್ರವೂ ಇರುತ್ತದೆ.
ಹಳದಿ: ಇದೂ ಹೆಚ್ಚಿನ ವಿಷ. ಮೇಲೆ "ವಿಷ" ಎಂಬ ಪದ ಇರುತ್ತದೆ.
ನೀಲಿ: ಅಪಾಯ.
ಹಸಿರು: ಎಚ್ಚರಿಕೆ.

ಹಸಿರು ಇದ್ದರೆ ಏನೂ ಆಗುವುದಿಲ್ಲ ಎಂದು ಅಲ್ಲ. ಹಸಿರು ಚೌಕದ ಡಬ್ಬಿಯನ್ನೂ ಮಕ್ಕಳ ಕೈಗೆ ಕೊಡಬಾರದು. ಬಣ್ಣ ಹೇಳುವುದು ವಿಷ ಎಷ್ಟು ಎಂದು ಮಾತ್ರ.

ಈಗ ಹೆಸರು ಓದೋಣ. ಉದ್ದ ಹೆಸರು. ಹೆದರಬೇಡಿ. ಬಿಡಿಸಿ ಓದೋಣ.

ಪ್ಯಾ – ರಾ – ಕ್ವಾ – ಟ್.
ಪ್ಯಾರಾಕ್ವಾಟ್.
ಪ್ಯಾರಾಕ್ವಾಟ್ ಡೈಕ್ಲೋರೈಡ್, ಶೇಕಡಾ 24.

ಶೇಕಡಾ 24 ಎಂದರೆ ಡಬ್ಬಿಯ 100 ಭಾಗದಲ್ಲಿ 24 ಭಾಗ ಅಪ್ಪಟ ವಿಷ. ಕಂಪನಿಗಳು ಇದಕ್ಕೆ ಬೇರೆ ಬೇರೆ ಹೆಸರು ಇಟ್ಟು ಮಾರುತ್ತವೆ. ಆ ಹೆಸರು ದೊಡ್ಡ ಅಕ್ಷರದಲ್ಲಿ ಇರುತ್ತದೆ. ಪ್ಯಾರಾಕ್ವಾಟ್ ಎಂಬುದು ಚಿಕ್ಕ ಅಕ್ಷರದಲ್ಲಿ ಇರುತ್ತದೆ. ನಾವು ಓದಬೇಕಾದದ್ದು ಚಿಕ್ಕ ಅಕ್ಷರವನ್ನು.

ಇದರ ಚೌಕದ ಬಣ್ಣ ಹಳದಿ.

ಈ ವಿಷ ಏನು ಮಾಡುತ್ತದೆ?

ಪ್ಯಾರಾಕ್ವಾಟ್ ಹಸಿರು ಎಲೆಯ ಮೇಲೆ ಬಿದ್ದರೆ ಸಾಕು. ಬಿಸಿಲು ಬಿದ್ದ ಮೇಲೆ ಎಲೆ ಸುಟ್ಟ ಹಾಗೆ ಒಣಗುತ್ತದೆ. ಇವತ್ತು ಹೊಡೆದರೆ ನಾಳೆಯೇ ಹುಲ್ಲು ಬಾಡುತ್ತದೆ. ನಾಲ್ಕು ಆಳು ಎರಡು ದಿನ ಕೀಳುವ ಕಳೆಯನ್ನು ಒಬ್ಬ ಆಳು ಒಂದು ಬೆಳಿಗ್ಗೆ ಹೊಡೆದು ಮುಗಿಸುತ್ತಾನೆ. ಅದಕ್ಕೇ ರೈತರು ಕೊಳ್ಳುತ್ತಾರೆ. ಆಳು ಸಿಗುವುದಿಲ್ಲ, ಕೂಲಿ ಹೆಚ್ಚು ಎನ್ನುತ್ತಾರೆ. ಅದೂ ನಿಜವೇ.

ಆದರೆ ಎಲೆಯನ್ನು ಸುಡುವ ವಿಷ ಮನುಷ್ಯನ ಮೈಯನ್ನು ಬಿಡುತ್ತದೆಯೇ? ಬಿಡುವುದಿಲ್ಲ.

ಚರ್ಮಕ್ಕೆ ಬಿದ್ದರೆ ಚರ್ಮ ಕೆಂಪಾಗುತ್ತದೆ, ಬಿರಿಯುತ್ತದೆ, ಬೊಬ್ಬೆ ಏಳುತ್ತದೆ. ಉಗುರು ಬಣ್ಣ ಕೆಟ್ಟು ಉದುರುತ್ತದೆ. ಕಣ್ಣಿಗೆ ಬಿದ್ದರೆ ಕಣ್ಣಿನ ಗುಡ್ಡೆಗೆ ಗಾಯ ಆಗುತ್ತದೆ. ಹೊಡೆಯುವಾಗ ಹನಿ ಮೂಗಿಗೆ ಹೋದರೆ ಮೂಗಿನಲ್ಲಿ ರಕ್ತ ಬರುತ್ತದೆ.

ಗಾಯ ಇಲ್ಲದ ಚರ್ಮ ವಿಷವನ್ನು ಸ್ವಲ್ಪ ಮಟ್ಟಿಗೆ ತಡೆಯುತ್ತದೆ. ಆದರೆ ಗಾಯ ಇದ್ದರೆ, ಬಿರುಕು ಇದ್ದರೆ ವಿಷ ಸೀದಾ ಒಳಗೆ ಹೋಗುತ್ತದೆ. ಕಳೆ ಕೀಳುವ ನಮ್ಮ ಕೈ ಹೇಗಿದೆ, ಒಮ್ಮೆ ನೋಡಿಕೊಳ್ಳೋಣ. ನಮ್ಮ ಹಿಮ್ಮಡಿ ನೋಡಿಕೊಳ್ಳೋಣ. ಸೋರುವ ಪಂಪನ್ನು ಬೆನ್ನಿಗೆ ಹಾಕಿಕೊಂಡು, ಬೆನ್ನು ನೆನೆದು, ಚರ್ಮದ ಮೂಲಕವೇ ವಿಷ ಏರಿ ಸತ್ತವರು ಇದ್ದಾರೆ.

ಬಾಯಿಯಿಂದ ಹೊಟ್ಟೆಗೆ ಹೋದರಂತೂ ಬಹಳ ಅಪಾಯ. ಒಂದು ಗುಟುಕೂ ಅಪಾಯವೇ. ಮೊದಲು ಬಾಯಿ, ಗಂಟಲು ಉರಿಯುತ್ತದೆ. ನಾಲಿಗೆಯಲ್ಲಿ ಹುಣ್ಣು ಆಗುತ್ತದೆ. ವಾಂತಿ, ಹೊಟ್ಟೆನೋವು, ಭೇದಿ ಬರುತ್ತದೆ.

ಇಲ್ಲಿ ಗಮನ ಇಟ್ಟು ಕೇಳಿ. ಕೆಲವರಲ್ಲಿ ಒಂದೆರಡು ದಿನದ ಮೇಲೆ ವಾಂತಿ ನಿಲ್ಲುತ್ತದೆ. ಮನುಷ್ಯ ಎದ್ದು ಕೂರುತ್ತಾನೆ, ಮಾತಾಡುತ್ತಾನೆ. ಮನೆಯವರು "ಗಂಡಾಂತರ ಕಳೀತು" ಎಂದು ಆಸ್ಪತ್ರೆಯಿಂದ ಕರೆದುಕೊಂಡು ಹೋಗುತ್ತಾರೆ. ಆದರೆ ವಿಷ ಒಳಗೆ ಕೆಲಸ ಮಾಡುತ್ತಲೇ ಇರುತ್ತದೆ. ಮೂತ್ರಪಿಂಡ ಕೆಡುತ್ತದೆ, ಮೂತ್ರ ಕಡಿಮೆ ಆಗುತ್ತದೆ. ಯಕೃತ್ತು ಕೆಡುತ್ತದೆ, ಕಣ್ಣು ಹಳದಿ ಆಗುತ್ತದೆ. ಆಮೇಲೆ ಶ್ವಾಸಕೋಶ ಗಟ್ಟಿಯಾಗುತ್ತಾ ಹೋಗುತ್ತದೆ. ಉಸಿರು ಎಳೆದರೂ ಒಳಗೆ ಹೋಗುವುದಿಲ್ಲ. ವಾರ ಎರಡು ವಾರ ಕಳೆದ ಮೇಲೆ ಜೀವ ಹೋದವರಿದ್ದಾರೆ.

ಹಾವಿನ ವಿಷಕ್ಕೆ ಮದ್ದಿನ ಸೂಜಿ ಇದೆ. ಪ್ಯಾರಾಕ್ವಾಟ್ ವಿಷಕ್ಕೆ ಅಂಥ ಮದ್ದು ಇಲ್ಲ. ಪ್ರತಿವಿಷ ಇಲ್ಲ. ದೊಡ್ಡ ಆಸ್ಪತ್ರೆಯಲ್ಲೂ ಇಲ್ಲ, ಪಟ್ಟಣದಲ್ಲೂ ಇಲ್ಲ. ಆದ್ದರಿಂದ ಇದು ಮೈಗೆ ಸೇರದಂತೆ ನೋಡಿಕೊಳ್ಳುವುದೇ ದೊಡ್ಡ ಮದ್ದು.

ಅತ್ತೆ ಸೊಸೆ ಮಾತು

(ಇಬ್ಬರು ಎದ್ದು ನಿಂತು ಗಟ್ಟಿಯಾಗಿ ಓದಿ.)

ಸೊಸೆ: ಅತ್ತೆ, ಈ ಬಾಟಲಿಯಲ್ಲಿ ಏನಿದೆ? ಕೂಲ್‌ಡ್ರಿಂಕ್ಸ್ ಇದ್ದಂಗೆ ಕಪ್ಪಗಿದೆ.

ಅತ್ತೆ: ಅಯ್ಯೋ, ಮುಟ್ಟಬೇಡ ಕಣಮ್ಮ. ಅದು ಹುಲ್ಲಿನ ಔಷಧಿ. ಪಕ್ಕದ ತೋಟದವರು ಮಿಕ್ಕಿದ್ದು ಕೊಟ್ಟರು. ನಿಮ್ಮ ಮಾವ ತಂದು ಇಟ್ಟಿದಾರೆ.

ಸೊಸೆ: ಇದರ ಮೇಲೆ ಕೂಲ್‌ಡ್ರಿಂಕ್ಸ್ ಹೆಸರೇ ಇದೆಯಲ್ಲ ಅತ್ತೆ. ವಿಷ ಅಂತ ಒಂದು ಅಕ್ಷರವೂ ಇಲ್ಲ.

ಅತ್ತೆ: ಬರೆದು ಏನಾಗಬೇಕು? ಮನೆಯವರಿಗೆಲ್ಲ ಗೊತ್ತಿದೆ.

ಸೊಸೆ: ನಿಮಗೆ ಗೊತ್ತು. ನನಗೆ ಈಗ ಗೊತ್ತಾಯಿತು. ಮಗುವಿಗೆ ಗೊತ್ತಾ? ರಜಕ್ಕೆ ಬರೋ ನಾದಿನಿ ಮಕ್ಕಳಿಗೆ ಗೊತ್ತಾ? ಬಿಸಿಲಲ್ಲಿ ದಣಿದು ಬಂದು ನೀರು ಹುಡುಕೋ ಆಳಿಗೆ ಗೊತ್ತಾ?

ಅತ್ತೆ: ಹೌದಲ್ಲವೇ! ಹಾಗಾದರೆ ತಿಪ್ಪೆಗೆ ಚೆಲ್ಲಿಬಿಡಲಾ?

ಸೊಸೆ: ಬೇಡಿ ಅತ್ತೆ. ತಿಪ್ಪೆ ಕೆದಕೋ ಕೋಳಿ ಇದಾವೆ. ಚರಂಡಿಗೂ ಬೇಡ, ಕೆರೆಗೆ ಹೋಗುತ್ತೆ. ಡಬ್ಬಿ ಅವರ ಹತ್ತಿರ ಇದೆಯಲ್ಲ. ಮಾವನವರು ಬರಲಿ, ಅವರ ಡಬ್ಬಿಗೇ ವಾಪಸ್ಸು ಹೋಗಲಿ. ಅಲ್ಲಿವರೆಗೂ ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕೋಣ. ಬಾಟಲಿ ಮೇಲೆ ನಾನೇ "ವಿಷ" ಅಂತ ಬರೆದು ಅಂಟಿಸ್ತೀನಿ.

ಅತ್ತೆ: ದೊಡ್ಡದಾಗಿ ಬರಿ ಕಣೇ. ನಾನೂ ಓದೋ ಹಂಗೆ ಬರಿ.

ಈ ಮಾತಿನಿಂದ ಏನು ತಿಳಿಯಿತು? ವಿಷವನ್ನು ಅದರ ಡಬ್ಬಿಯಿಂದ ತೆಗೆದು ಬೇರೆ ಬಾಟಲಿಗೆ ಹಾಕಬಾರದು. ಡಬ್ಬಿ ಬಿಟ್ಟರೆ ಬಣ್ಣದ ಗುರುತು ಹೋಯಿತು, ಹೆಸರು ಹೋಯಿತು, ಎಚ್ಚರಿಕೆಯೂ ಹೋಯಿತು. ನೀರಿನ ಬಾಟಲಿ, ಬ್ರಾಂದಿ ಬಾಟಲಿ, ಕೂಲ್‌ಡ್ರಿಂಕ್ಸ್ ಬಾಟಲಿ ಯಾವುದೂ ಬೇಡ. ಅಂಗಡಿಯಲ್ಲೂ ಬಿಡಿಯಾಗಿ ಅಳೆದು ಕೊಟ್ಟರೆ ತೆಗೆದುಕೊಳ್ಳಬಾರದು. ಸೀಲು ಒಡೆಯದ ಡಬ್ಬಿಯನ್ನೇ ಕೇಳಬೇಕು. ರಸೀದಿ ಕೇಳಬೇಕು.

ಹೊಡೆಯುವುದೇ ಆದರೆ

ವಿಷ ಕಲಸುವ ಹೊತ್ತು ಎಲ್ಲಕ್ಕಿಂತ ಅಪಾಯದ ಹೊತ್ತು. ಆಗ ನೀರು ಸೇರದ ಅಪ್ಪಟ ವಿಷ ಕೈಯಲ್ಲಿ ಇರುತ್ತದೆ.

1. ಕೈಗೆ ರಬ್ಬರ್ ಗವಸು ಹಾಕಬೇಕು. ಬಟ್ಟೆಯ ಗವಸು ಬೇಡ. ಅದು ವಿಷವನ್ನು ಹೀರಿ ಕೈಗೇ ಅಂಟಿಸುತ್ತದೆ.
2. ಕಣ್ಣಿಗೆ ಕನ್ನಡಕ, ಕಾಲಿಗೆ ಮೊಣಕಾಲ ತನಕ ರಬ್ಬರ್ ಬೂಟು, ತುಂಬು ತೋಳಿನ ಅಂಗಿ, ಪ್ಯಾಂಟು ಬೇಕು. ಪ್ಯಾಂಟು ಬೂಟಿನ ಹೊರಗೆ ಇರಬೇಕು. ಬೂಟಿನ ಒಳಗೆ ತುರುಕಿದರೆ ವಿಷದ ನೀರು ಒಳಗೇ ಇಳಿಯುತ್ತದೆ.
3. ಸೀರೆ ಉಟ್ಟು ವಿಷ ಹೊಡೆಯಬಾರದು. ನೆರಿಗೆ ನೆನೆದು ಕಾಲಿಗೆ ಅಂಟುತ್ತದೆ. ಸಂಜೆ ತನಕ ಹಾಗೇ ಇರುತ್ತದೆ.
4. ಕೈ ಹಾಕಿ ಕಲಸಬಾರದು. ಕೋಲಿನಿಂದ ಕಲಸಬೇಕು. ಅಡುಗೆಮನೆಯ ಲೋಟದಿಂದ ಅಳೆಯಬಾರದು. ಅಳತೆಗೆ ಬೇರೆ ಪಾತ್ರೆ ಇರಲಿ.
5. ಚೀಟಿಯಲ್ಲಿ ಎಷ್ಟು ಹೇಳಿದೆಯೋ ಅಷ್ಟೇ ಹಾಕಬೇಕು. ಎರಡರಷ್ಟು ಹಾಕಿದರೆ ಬೆಳೆಗೂ ಕೇಡು, ಮೈಗೂ ಕೇಡು.
6. ಪಂಪು ಸೋರುತ್ತಿದೆಯೇ? ಮೊದಲು ಬರಿ ನೀರು ಹಾಕಿ ನೋಡಬೇಕು.
7. ಗಾಳಿ ಬೀಸುವಾಗ ಹೊಡೆಯಬಾರದು. ಮೆಲ್ಲಗೆ ಗಾಳಿ ಇದ್ದರೆ ಗಾಳಿಗೆ ಬೆನ್ನು ಕೊಟ್ಟು ಹೊಡೆಯಬೇಕು.
8. ಪಂಪಿನ ಮೂತಿ ಕಟ್ಟಿಕೊಂಡರೆ ಬಾಯಿಂದ ಊದಬಾರದು. ಎಷ್ಟೋ ಜನ ಇದನ್ನು ಮಾಡುತ್ತಾರೆ. ನೀರಿನಲ್ಲಿ ತೊಳೆದು ಕಡ್ಡಿಯಿಂದ ಬಿಡಿಸಬೇಕು.
9. ನಡುವೆ ಎಲೆಅಡಿಕೆ, ಬೀಡಿ, ಊಟ, ತಿಂಡಿ ಬೇಡ. ಸೋಪು ಹಾಕಿ ಕೈ ತೊಳೆದ ಮೇಲೆಯೇ ನೀರು ಕುಡಿಯಬೇಕು.
10. ಬಾವಿಕಟ್ಟೆಯ ಮೇಲೆ, ಕೆರೆಯ ಏರಿಯ ಮೇಲೆ ವಿಷ ಕಲಸಬಾರದು. ಪಂಪು ತೊಳೆದ ನೀರು ಬಾವಿಗೆ, ಕೆರೆಗೆ, ಕಾಲುವೆಗೆ ಹೋಗಬಾರದು.

ಬಸುರಿ, ಬಾಣಂತಿ, ಹಾಲು ಕುಡಿಸುವ ತಾಯಿ ಈ ಕೆಲಸಕ್ಕೆ ಹೋಗಲೇಬಾರದು. ಮಕ್ಕಳನ್ನು ಕರೆದುಕೊಂಡು ಹೋಗಬಾರದು. ಕೈಕಾಲಿನಲ್ಲಿ ಗಾಯ ಇದ್ದವರೂ ಹೋಗಬಾರದು.

ಬೇರೆಯವರ ಹೊಲಕ್ಕೆ ಕೂಲಿಗೆ ಹೋಗುತ್ತೇವೆ. "ಗವಸು ಎಲ್ಲಿ?" ಎಂದು ಕೇಳಲು ನಾಚಿಕೆ ಬೇಡ. ಕೀಟನಾಶಕ ಕಾಯ್ದೆ 1968ರಲ್ಲಿ ಆಯಿತು. ಅದರ ನಿಯಮಗಳು 1971ರಲ್ಲಿ ಬಂದವು. ಕಳೆನಾಶಕವೂ ಆ ಕಾಯ್ದೆಯೊಳಗೇ ಬರುತ್ತದೆ. ವಿಷ ಹೊಡೆಯುವವರಿಗೆ ರಕ್ಷಣೆಯ ಉಡುಪು ಬೇಕು ಎಂದು ನಿಯಮವೇ ಹೇಳುತ್ತದೆ. ಡಬ್ಬಿಯ ಚೀಟಿ ಜನರ ಭಾಷೆಯಲ್ಲೂ ಇರಬೇಕು ಎಂದೂ ಹೇಳುತ್ತದೆ. ಕನ್ನಡ ಅಕ್ಷರ ಇಲ್ಲದ ಡಬ್ಬಿ ಕೊಟ್ಟರೆ "ಕನ್ನಡದ ಚೀಟಿ ಕೊಡಿ" ಎಂದು ಅಂಗಡಿಯವರನ್ನು ಕೇಳೋಣ.

ವಿಷ ಹೊಡೆಯದ ನಮಗೂ ಅಪಾಯ ಇದೆ

"ನಾವೇನು ಹೊಡೆಯಲ್ಲ, ಗಂಡಸರು ಹೊಡೀತಾರೆ" ಎನ್ನುತ್ತೇವೆ. ಆದರೆ ನೀರು ಹೊತ್ತು ಕೊಡುವವರು ಯಾರು? ಬಟ್ಟೆ ಒಗೆಯುವವರು ಯಾರು? ಸೊಪ್ಪು ಕೊಯ್ದು ತರುವವರು ಯಾರು? ನಾವೇ.

ಬಟ್ಟೆ: ವಿಷ ಹೊಡೆದ ಬಟ್ಟೆಯನ್ನು ಮಕ್ಕಳ ಬಟ್ಟೆಯ ಜೊತೆ ನೆನೆ ಹಾಕಬಾರದು. ಬೇರೆ ಬಕೆಟಿನಲ್ಲಿ, ಗವಸು ಹಾಕಿಕೊಂಡು, ಸೋಪು ಹಾಕಿ ಒಗೆಯಬೇಕು. ವಿಷ ಹೊಡೆದು ಬಂದವರು ಮೈತುಂಬ ಸೋಪು ಹಚ್ಚಿ ಸ್ನಾನ ಮಾಡಬೇಕು. ಮಗುವನ್ನು ಎತ್ತಿಕೊಳ್ಳುವುದು ಆಮೇಲೆ.

ಸೊಪ್ಪು: ಬದುವಿನ ಮೇಲೆ ಹೊನಗೊನೆ, ಅಣ್ಣೆ, ಗೋಣಿ ಸೊಪ್ಪು ಬೆಳೆಯುತ್ತದೆ. ಬೆರಕೆ ಸೊಪ್ಪಿನ ಸಾರು ಮಾಡುತ್ತೇವೆ. ವಿಷ ಹೊಡೆದ ಬದುವಿನ ಸೊಪ್ಪು ತರಬಾರದು. ಹೊಡೆದ ದಿನ ಸೊಪ್ಪು ಹಸಿರಾಗಿಯೇ ಕಾಣುತ್ತದೆ. ಕಣ್ಣಿಗೆ ಗೊತ್ತಾಗುವುದಿಲ್ಲ. ಅದಕ್ಕೆ ವಿಷ ಹೊಡೆದವರು ಒಂದು ಕೋಲು ನೆಟ್ಟು ಕೆಂಪು ಬಟ್ಟೆ ಕಟ್ಟಲಿ. ಊರಿನಲ್ಲಿ ಎಲ್ಲರೂ ಮಾತಾಡಿಕೊಂಡು ಈ ಪದ್ಧತಿ ಮಾಡೋಣ. ಅಲ್ಲಿ ದನ, ಕುರಿ, ಮೇಕೆ ಬಿಡುವುದೂ ಬೇಡ.

ಖಾಲಿ ಡಬ್ಬಿ: ಗಟ್ಟಿ ಡಬ್ಬಿ, ಚೆನ್ನಾಗಿದೆ ಎಂದು ಆಸೆ ಆಗುತ್ತದೆ. ನೀರು ತುಂಬಲು, ಎಣ್ಣೆ ತರಲು, ಕಾಳು ಹಾಕಲು ಬಳಸಬಾರದು. ಎಷ್ಟು ತೊಳೆದರೂ ಬಳಸಬಾರದು. ಖಾಲಿಯಾದ ಕೂಡಲೇ ಮೂರು ಸಲ ನೀರು ಹಾಕಿ ಕುಲುಕಬೇಕು. ಆ ನೀರನ್ನು ಪಂಪಿಗೇ ಹಾಕಬೇಕು. ಆಮೇಲೆ ಡಬ್ಬಿಗೆ ತೂತು ಮಾಡಬೇಕು. ತೂತಾದ ಡಬ್ಬಿಯನ್ನು ಯಾರೂ ಎತ್ತಿಕೊಂಡು ಹೋಗುವುದಿಲ್ಲ. ಒಲೆಗೆ ಹಾಕಿ ಸುಡಬಾರದು. ಆಮೇಲೆ ಏನು ಮಾಡಬೇಕು ಎಂದು ಚೀಟಿಯಲ್ಲಿ ಬರೆದಿರುತ್ತದೆ. ಓದಿ ಹಾಗೇ ಮಾಡೋಣ.

ಬೀಗ: ವಿಷದ ಡಬ್ಬಿಗೆ ಬೀಗ ಬೇಕು. ಅದು ಮಕ್ಕಳಿಗೋಸ್ಕರ ಮಾತ್ರ ಅಲ್ಲ. ಸಾಲ, ಜಗಳ, ಬೆಳೆ ನಷ್ಟ ಯಾವ ಮನೆಯಲ್ಲಿ ಇಲ್ಲ? ದುಃಖ ಉಕ್ಕಿ ಬಂದ ಗಳಿಗೆಯಲ್ಲಿ ವಿಷ ಕೈಗೆ ಸಿಗಬಾರದು. ಆ ಗಳಿಗೆ ದಾಟಿದರೆ ಮನುಷ್ಯ ಉಳಿಯುತ್ತಾನೆ. ಮನಸ್ಸು ತೀರಾ ಕುಗ್ಗಿದರೆ 14416ಕ್ಕೆ ಫೋನ್ ಮಾಡಬಹುದು. ಇದು ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ. 2022ರಲ್ಲಿ ಶುರುವಾಯಿತು. ದುಡ್ಡು ಕೊಡಬೇಕಾಗಿಲ್ಲ.

ವಿಷ ತಗುಲಿದರೆ

ಚರ್ಮಕ್ಕೆ ಬಿದ್ದರೆ: ಬಟ್ಟೆ ಕಳಚಬೇಕು. ನಾಚಿಕೊಂಡು ತಡ ಮಾಡಬಾರದು. ಸೋಪು ಹಾಕಿ ಧಾರಾಳ ನೀರಿನಲ್ಲಿ ತೊಳೆಯಬೇಕು. ಉರಿ, ಬೊಬ್ಬೆ, ಗಾಯ ಇದ್ದರೆ ಡಾಕ್ಟರಿಗೆ ತೋರಿಸಬೇಕು.

ಕಣ್ಣಿಗೆ ಬಿದ್ದರೆ: ಕಣ್ಣು ಉಜ್ಜಬಾರದು. ಶುದ್ಧ ನೀರಿನಲ್ಲಿ 15 ನಿಮಿಷ ತೊಳೆಯುತ್ತಲೇ ಇರಬೇಕು. ಆಮೇಲೆ ಆಸ್ಪತ್ರೆಗೆ ಹೋಗಬೇಕು.

ಹೊಟ್ಟೆಗೆ ಹೋದರೆ: ಒಂದು ನಿಮಿಷವೂ ತಡ ಬೇಡ. 108ಕ್ಕೆ ಫೋನ್ ಮಾಡಬೇಕು. ಆಂಬುಲೆನ್ಸ್ ತಡವಾದರೆ ಸಿಕ್ಕಿದ ಗಾಡಿ ಹತ್ತಬೇಕು. ಉಪ್ಪುನೀರು, ಹುಣಸೆ ನೀರು, ಸೋಪಿನ ನೀರು ಕುಡಿಸಬಾರದು. ಬಾಯಿಗೆ ಬೆರಳು ಹಾಕಿ ವಾಂತಿ ಮಾಡಿಸಬಾರದು. ಸುಟ್ಟ ಗಂಟಲು ಇನ್ನೊಮ್ಮೆ ಸುಡುತ್ತದೆ. ನಾಟಿ ಮದ್ದು ಎಂದು ಊರೂರು ಸುತ್ತಬಾರದು. ಆಸ್ಪತ್ರೆಯಲ್ಲಿ ವಿಷ ಹೀರುವ ಇದ್ದಿಲಿನ ಪುಡಿ ಕೊಡುತ್ತಾರೆ. ಬೇಗ ಕೊಟ್ಟರೆ ಮಾತ್ರ ಅದರಿಂದ ಉಪಯೋಗ.

ಡಬ್ಬಿಯನ್ನು ಜೊತೆಗೆ ಒಯ್ಯಬೇಕು. ಆಗದಿದ್ದರೆ ಮೊಬೈಲಿನಲ್ಲಿ ಚೀಟಿಯ ಫೋಟೋ ತೆಗೆದುಕೊಳ್ಳಬೇಕು. ಯಾವ ವಿಷ ಎಂದು ಗೊತ್ತಾದರೆ ಡಾಕ್ಟರಿಗೆ ದಾರಿ ಸಿಗುತ್ತದೆ. "ಪ್ಯಾರಾಕ್ವಾಟ್" ಎಂಬ ಒಂದು ಪದ ಓದಿ ಹೇಳಿದರೆ ಅದೇ ದೊಡ್ಡ ಸಹಾಯ.

ಚೆನ್ನಾಗಿ ಕಂಡರೂ ಡಾಕ್ಟರು ಹೇಳುವ ತನಕ ಮನೆಗೆ ಕರೆದುಕೊಂಡು ಬರಬಾರದು.

ಬೇಕೆಂದೇ ಕುಡಿದಿದ್ದರೆ ಪೊಲೀಸ್ ಕೇಸು ಆಗುತ್ತದೆ ಎಂದು ಕೆಲವರು ಮುಚ್ಚಿಡುತ್ತಾರೆ. ಮುಚ್ಚಿಡಬೇಡಿ. ಅವರು ತೀವ್ರ ಸಂಕಟದಲ್ಲಿ ಹೀಗೆ ಮಾಡಿಕೊಂಡರು ಎಂದೇ ತಿಳಿಯಬೇಕು, ಶಿಕ್ಷೆ ಕೊಡಬಾರದು ಎಂದು 2017ರ ಮಾನಸಿಕ ಆರೋಗ್ಯ ಕಾಯ್ದೆ ಹೇಳುತ್ತದೆ. ಬೈಯುವುದು ಬೇಡ. ನಿಜ ಹೇಳಿ ಜೀವ ಉಳಿಸೋಣ.

ಬೇರೆ ಕಡೆ ಏನಾಯಿತು?

ಪ್ಯಾರಾಕ್ವಾಟ್ ಮೊದಲು ಮಾರಾಟಕ್ಕೆ ಬಂದದ್ದು 1962ರಲ್ಲಿ, ಇಂಗ್ಲೆಂಡಿನ ಕಂಪನಿಯಿಂದ. ಈಗ ಇಂಗ್ಲೆಂಡಿನ ಹೊಲದಲ್ಲೇ ಇದನ್ನು ಹೊಡೆಯುವಂತಿಲ್ಲ. 2007ರಲ್ಲಿ ಯುರೋಪಿನ ನ್ಯಾಯಾಲಯ ಇದರ ಅನುಮತಿ ರದ್ದು ಮಾಡಿತು. ನಮ್ಮ ಪಕ್ಕದ ಕೇರಳ ರಾಜ್ಯ 2011ರಲ್ಲಿ ಇದನ್ನು ನಿಷೇಧಿಸಿತು.

ಶ್ರೀಲಂಕಾ ದೇಶ 2008ರಿಂದ 2011ರೊಳಗೆ ಪ್ಯಾರಾಕ್ವಾಟನ್ನೂ ಇನ್ನೆರಡು ವಿಷಗಳನ್ನೂ ನಿಲ್ಲಿಸಿತು. ಅಲ್ಲಿ ವಿಷದಿಂದ ಸಾಯುವವರು ಕಡಿಮೆಯಾದರು. ಭತ್ತದ ಇಳುವರಿ ಬಿದ್ದು ಹೋಗಲಿಲ್ಲ. ಈ ವಿಷ ಇಲ್ಲದೆಯೂ ಬೆಳೆ ಬರುತ್ತದೆ ಎಂದು ಇದರಿಂದ ತಿಳಿಯುತ್ತದೆ.

ಹಾಗಾದರೆ ಕಳೆಗೆ ಏನು ಮಾಡೋಣ? ರಾಗಿ, ಜೋಳ, ಮೆಕ್ಕೆಜೋಳದ ಸಾಲಿನಲ್ಲಿ ಎಡೆಕುಂಟೆ ಹೊಡೆಯಬಹುದು. ಸಾಲು ನಾಟಿಯ ಭತ್ತದಲ್ಲಿ ಕೈಯಿಂದ ತಳ್ಳುವ ಕಳೆ ಯಂತ್ರ ಓಡಿಸಬಹುದು. ಅಡಿಕೆ, ತೆಂಗಿನ ತೋಟದಲ್ಲಿ ಗರಿ, ತರಗು ಹರಡಿದರೆ ಹುಲ್ಲು ಏಳುವುದಿಲ್ಲ, ತೇವವೂ ಉಳಿಯುತ್ತದೆ. ಕಳೆ ಸಣ್ಣದಿದ್ದಾಗಲೇ ಕಿತ್ತರೆ ಕೆಲಸ ಅರ್ಧ.

ಇನ್ನೊಂದು ಮಾತು. ಕಳೆ ಕೀಳುವುದು ಹೆಂಗಸರ ಕೂಲಿ. ಪಂಪು ಬಂದ ಕಡೆ ಆ ಕೂಲಿ ಹೋಗುತ್ತದೆ. ಸಂಘದಲ್ಲಿ ಗುಂಪು ಕಟ್ಟಿಕೊಂಡು, ಎಕರೆಗೆ ಇಷ್ಟು ಎಂದು ಗುತ್ತಿಗೆ ಹಿಡಿದು, ಹೊತ್ತಿಗೆ ಸರಿಯಾಗಿ ಕಳೆ ತೆಗೆದುಕೊಟ್ಟರೆ ರೈತರಿಗೂ ಅನುಕೂಲ, ನಮಗೂ ಅನುಕೂಲ. ಈ ವಿಚಾರ ಮುಂದಿನ ಸಭೆಯಲ್ಲಿ ಮಾತಾಡೋಣ.

ಹೊಸ ಪದಗಳು

ಕಳೆನಾಶಕ – ಹುಲ್ಲನ್ನು ಕೊಲ್ಲುವ ವಿಷ
ಪ್ರತಿವಿಷ – ವಿಷವನ್ನು ಇಳಿಸುವ ಮದ್ದು
ಶ್ವಾಸಕೋಶ – ಎದೆಯೊಳಗೆ ಉಸಿರಾಡುವ ಅಂಗ
ಮೂತ್ರಪಿಂಡ – ಮೂತ್ರ ಮಾಡುವ ಅಂಗ, ಕಿಡ್ನಿ
ಯಕೃತ್ತು – ಲಿವರ್
ನಿಷೇಧ – ಬಳಸಬಾರದು ಎಂಬ ಆಜ್ಞೆ

ಉತ್ತರ ಹೇಳಿ

1. ಹಳದಿ ಚೌಕ ಏನು ಹೇಳುತ್ತದೆ?
2. ವಿಷವನ್ನು ಬೇರೆ ಬಾಟಲಿಗೆ ಏಕೆ ಹಾಕಬಾರದು?
3. ಪ್ಯಾರಾಕ್ವಾಟ್ ಹೊಟ್ಟೆಗೆ ಹೋದರೆ ಮೊದಲು ಏನು ಮಾಡಬೇಕು? ಏನು ಮಾಡಬಾರದು?
4. ಬದುವಿನ ಸೊಪ್ಪು ತರುವ ಮುಂಚೆ ಏನು ವಿಚಾರಿಸಬೇಕು?

ಬಿಟ್ಟ ಜಾಗ ತುಂಬಿ

ಆಂಬುಲೆನ್ಸ್ ಬೇಕಾದರೆ ______ಕ್ಕೆ ಫೋನ್ ಮಾಡಬೇಕು.
ಕಣ್ಣಿಗೆ ವಿಷ ಬಿದ್ದರೆ ______ ನಿಮಿಷ ನೀರಿನಲ್ಲಿ ತೊಳೆಯಬೇಕು.
ಖಾಲಿ ಡಬ್ಬಿಗೆ ______ ಮಾಡಬೇಕು.

ಮಾಡಿ ನೋಡೋಣ

ಇವತ್ತು ಮನೆಗೆ ಹೋದ ಮೇಲೆ ಮನೆಯಲ್ಲಿ ಇರುವ ವಿಷದ ಡಬ್ಬಿಗಳನ್ನು ಎಣಿಸಿ. ಕೈಗೆ ಅಂಟದಂತೆ ನೋಡಿಕೊಂಡು ಪ್ರತಿ ಡಬ್ಬಿಯ ಹೆಸರು, ಚೌಕದ ಬಣ್ಣ ಓದಿ. ಹೆಸರನ್ನು ನೋಟುಪುಸ್ತಕದಲ್ಲಿ ಬರೆಯಿರಿ. ಚೀಟಿ ಇಲ್ಲದ ಬಾಟಲಿ ಸಿಕ್ಕರೆ "ವಿಷ" ಎಂದು ಬರೆದು ಅಂಟಿಸಿ, ಬೀಗದೊಳಗೆ ಇಡಿ. ಕೈ ತೊಳೆಯಿರಿ. ನಾಳೆ ಕೇಂದ್ರಕ್ಕೆ ಬರುವಾಗ ನೋಟುಪುಸ್ತಕ ತನ್ನಿ. ಎಲ್ಲರೂ ಕೂತು ಓದೋಣ.